ಒಂದು ಲೈನ್ ಮನೆಗೆ ಒಂಬತ್ತು ಕಡೆಯ ನೆರವು: ಇದನ್ನೆಲ್ಲ ಒಂದು ದಾರಕ್ಕೆ ಪೋಣಿಸುವವರು ಯಾರು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಪೊನ್ನಂಪೇಟೆ ತಾಲ್ಲೂಕು, ಕೊಡಗು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಜೂನ್‌ನಿಂದಲೇ ಆಗಾಗ ತಪ್ಪಿಸಿಕೊಳ್ಳುತ್ತಿದ್ದವಳು, ಕಕ್ಕಡದ (ಜುಲೈ-ಆಗಸ್ಟ್) ಮಳೆ ಹಿಡಿದ ಮೇಲೆ ಶಾಲೆಗೆ ಬರುವುದನ್ನೇ ಬಿಟ್ಟಳು. ಮಳೆಯ ರಜೆಗಳೆಲ್ಲ ಮುಗಿದರೂ ಅವಳು ಕಾಣಿಸದಿದ್ದಾಗ ಮನೆಗೆ ಹೋದೆ. ಕಾಫಿ ತೋಟದ ಕೆಲಸಗಾರರಿಗೆ ಮಾಲೀಕರು ಸಾಲಾಗಿ ಕಟ್ಟಿಸಿಕೊಟ್ಟ ಲೈನ್ ಮನೆ; ಹುಣಸೂರಿನ ಕಡೆಯಿಂದ ಬಂದು ಒಂಬತ್ತು ವರ್ಷವಾದ ಕುಟುಂಬ. ತಂದೆ ಕಳೆದ ವರ್ಷ ಮೇ ತಿಂಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಸಿಲ್ವರ್ ಮರದಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದೆ ಮಲಗಿದ್ದಾರೆ. ತಾಯಿ ಅದೇ ತೋಟದಲ್ಲಿ ಕೂಲಿ ಮಾಡುತ್ತಾರೆ. ಏಳು ವರ್ಷದ ಮಗನಿಗೆ ಇನ್ನೂ ಮಾತು ಸರಿಯಾಗಿ ಬಂದಿಲ್ಲ. ತಾಯಿ ಕೆಲಸಕ್ಕೆ ಹೋದ ಮೇಲೆ ಅಪ್ಪನ ಮಗ್ಗುಲು ಬದಲಿಸುವುದು, ಮೂತ್ರದ ಕ್ಯಾಥೆಟರ್ ಚೀಲ ಖಾಲಿ ಮಾಡುವುದು, ತಮ್ಮನನ್ನು ಕಾಯುವುದು ಎಲ್ಲವೂ ಈ ಹದಿಮೂರು ವರ್ಷದ ಹುಡುಗಿಯ ಪಾಲಿಗೆ ಬಿದ್ದಿದೆ.

ಇವರ ಕಡೆಗೆ ಯಾರೂ ತಿರುಗಿ ನೋಡಿಲ್ಲ ಎಂದುಕೊಂಡು ಹೋದವಳು ನಾನು. ಆದರೆ ತಾಯಿ ಗೋಡೆಯ ಮೊಳೆಗೆ ನೇತುಹಾಕಿದ್ದ ಬಟ್ಟೆ ಅಂಗಡಿಯ ಕವರನ್ನು ತಂದು ಚಾಪೆಯ ಮೇಲೆ ಸುರಿದಾಗ ನನ್ನ ಅಂದಾಜು ತಪ್ಪೆಂದು ತಿಳಿಯಿತು. ಆಧಾರ್ ಕಾರ್ಡಿನ ಹದಿನಾಲ್ಕು ಜೆರಾಕ್ಸ್ ಪ್ರತಿಗಳು, ನಾಡಕಚೇರಿಯ ಸ್ವೀಕೃತಿ ಚೀಟಿಗಳು, ಅಂಚು ತೇವವಾಗಿ ಒಂದಕ್ಕೊಂದು ಅಂಟಿಕೊಂಡಿದ್ದ ಎಕ್ಸ್‌ರೇಗಳು, ಯಾರ ಯಾರದೋ ನಾಲ್ಕು ವಿಸಿಟಿಂಗ್ ಕಾರ್ಡುಗಳು. ಎಣಿಸಿದರೆ ಆಶಾ ಕಾರ್ಯಕರ್ತೆ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ, ಆಸ್ಪತ್ರೆಯವರು, ಮಕ್ಕಳ ರಕ್ಷಣಾ ಘಟಕದವರು, ಎರಡು ಸ್ವಯಂಸೇವಾ ಸಂಸ್ಥೆಗಳು, ಒಂದು ಧಾರ್ಮಿಕ ಟ್ರಸ್ಟ್, ತೋಟದ ಮಾಲೀಕರು, ಈಗ ನಮ್ಮ ಶಾಲೆ ಸೇರಿ ಒಂಬತ್ತು ಕಡೆಯವರು ಆ ಮನೆಯ ಹೊಸ್ತಿಲು ತುಳಿದಿದ್ದಾರೆ.

ಇಷ್ಟಾಗಿಯೂ ಆದದ್ದೇನು? ಎರಡು ಗಾಲಿಕುರ್ಚಿಗಳು ಬಂದಿವೆ. ಮನೆಯ ಮುಂದೆ ಮೂರು ಕಲ್ಲಿನ ಮೆಟ್ಟಿಲಿರುವುದರಿಂದ ಎರಡೂ ಹೊರಗೆ ಇಳಿಯುವುದಿಲ್ಲ. ಒಂದರ ಮೇಲೆ ಸೌದೆ ಒಣಗುತ್ತಿದೆ. ಬೆನ್ನಿನ ಹುಣ್ಣಿಗೆ ಬೇಕಾದ ನೀರಿನ ಹಾಸಿಗೆಯನ್ನು ಮಾತ್ರ ಯಾರೂ ಕೊಟ್ಟಿಲ್ಲ. ಅಂಗವಿಕಲರ ಗುರುತಿನ ಚೀಟಿಗೆ ಎರಡು ಸಂಸ್ಥೆಗಳು ಬೇರೆ ಬೇರೆಯಾಗಿ ಅರ್ಜಿ ಹಾಕಿ, ಒಂದಕ್ಕೆ ಒಬ್ಬ ಸ್ವಯಂಸೇವಕನ ಮೊಬೈಲ್ ಸಂಖ್ಯೆಯನ್ನು ಕೊಟ್ಟಿದ್ದಾರೆ. ಆತ ಈಗ ಬೆಂಗಳೂರಿನಲ್ಲಿದ್ದಾನಂತೆ, ಒಟಿಪಿ ಅವನಿಗೆ ಹೋಗುತ್ತದೆ. ಒಬ್ಬರು ಹುಡುಗಿಯನ್ನು ಹಾಸ್ಟೆಲಿಗೆ ಸೇರಿಸಿ ಎನ್ನುತ್ತಾರೆ, ಇನ್ನೊಬ್ಬರು ಮಕ್ಕಳು ಮನೆಯಲ್ಲೇ ಇದ್ದರೆ ಪ್ರಾಯೋಜಕತ್ವದ ಹಣ ಸಿಗುತ್ತದೆ ಎನ್ನುತ್ತಾರೆ. ಪ್ರತಿ ಕಚೇರಿಗೂ ತಾಯಿಯೇ ಬರಬೇಕು, ಹೋದ ದಿನ ಕೂಲಿ ಇಲ್ಲ, ತಿಂಗಳಲ್ಲಿ ನಾಲ್ಕು ದಿನ ತಪ್ಪಿದರೆ ತೋಟದ ಲೆಕ್ಕ ನೋಡುವ ರೈಟರ್ ಲೈನ್ ಮನೆ ಬಿಡಿಸುವ ಮಾತು ತೆಗೆಯುತ್ತಾರೆ. ನಾನೂ ಅಂದು ಎಲ್ಲರಂತೆ ಅವೇ ಪ್ರಶ್ನೆಗಳನ್ನು ಕೇಳಿ, ಕಾಗದಗಳ ಫೋಟೊ ತೆಗೆದುಕೊಂಡು ಬಂದೆ ಎನ್ನುವುದನ್ನು ನೆನೆದರೆ ನಾಚಿಕೆಯಾಗುತ್ತದೆ.

ನೆರವು ನೀಡುವವರನ್ನೆಲ್ಲ ಒಂದೇ ದಾರಿಗೆ ತರುವ ಕೆಲಸವನ್ನು ಯಾರು ಮಾಡಬೇಕು, ಎಲ್ಲಿಂದ ಆರಂಭಿಸಬೇಕು? ಒಬ್ಬ ಶಿಕ್ಷಕಿಗೆ ಆ ಅಧಿಕಾರ ಇದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ಸೋಮವಾರಪೇಟೆ

ಟೀಚರ್, ನೀವು ಬರೆದುದನ್ನು ಓದಿ 2018ರ ಆಗಸ್ಟ್ ನೆನಪಾಯಿತು. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡಗಳು ಜರಿದಾಗ ನಾನು ಪರಿಹಾರ ಕೇಂದ್ರವೊಂದರಲ್ಲಿ ಕೆಲಸ ಮಾಡಿದೆ. ನೆರವಿಗೆ ಬಂದ ಪ್ರತಿಯೊಂದು ತಂಡವೂ ತನ್ನದೇ ಪುಸ್ತಕ ತಂದಿತ್ತು. ಒಬ್ಬ ಅಜ್ಜಿ ಬೆಳಗಿನಿಂದ ಸಂಜೆಯವರೆಗೆ ಏಳು ಸಲ ತನ್ನ ಮನೆ ಮಣ್ಣಿನಡಿ ಹೋದ ಕಥೆಯನ್ನು ಹೇಳಿದರು; ಎಂಟನೆಯವರು ಬಂದಾಗ "ಬರೆದುಕೊಂಡವರನ್ನೇ ಕೇಳಿ ಮಗಾ" ಎಂದು ಮುಖ ತಿರುಗಿಸಿದರು. ಅಂದು ಕೆಲವರಿಗೆ ಆರು ಕಂಬಳಿ ಸಿಕ್ಕಿತು, ಮಾತನಾಡಲು ಸಂಕೋಚಪಟ್ಟು ಮೂಲೆಯಲ್ಲಿ ಕುಳಿತವರಿಗೆ ಒಂದೂ ಸಿಗಲಿಲ್ಲ. ಕೊಡುವವರ ಮನಸ್ಸಿನಲ್ಲಿ ಕೊರತೆ ಇರಲಿಲ್ಲ. ಕೊಟ್ಟದ್ದೇನು, ಕೊಡಬೇಕಾದ್ದೇನು ಎನ್ನುವುದು ಒಂದೇ ಕಡೆ ಬರೆದಿರಲಿಲ್ಲ, ಅಷ್ಟೇ.

ಈ ಕಾರಣಕ್ಕೆ ನನ್ನ ಮೊದಲ ಸಲಹೆ ಇನ್ನೊಬ್ಬರನ್ನು ಕರೆತರುವುದಲ್ಲ, ಒಂದು ನೋಟ್‌ಬುಕ್ ಕೊಳ್ಳುವುದು. ಆರೋಗ್ಯ ಇಲಾಖೆಯ ತಾಯಿ ಕಾರ್ಡ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಬಸುರಿಯ ರಕ್ತದ ಪ್ರಮಾಣವನ್ನು ಲ್ಯಾಬಿನವರು ಬರೆಯುತ್ತಾರೆ, ಚುಚ್ಚುಮದ್ದಿನ ದಿನಾಂಕವನ್ನು ನರ್ಸ್ ಬರೆಯುತ್ತಾರೆ, ಹೆರಿಗೆಯ ವಿವರವನ್ನು ವೈದ್ಯರು ಬರೆಯುತ್ತಾರೆ, ಆದರೆ ಕಾರ್ಡ್ ಇರುವುದು ತಾಯಿಯ ಕೈಯಲ್ಲಿ. ಆಕೆ ತವರಿಗೆ ಹೋದರೂ ಕಾರ್ಡ್ ಜೊತೆಗೆ ಹೋಗುತ್ತದೆ, ಅಲ್ಲಿನ ನರ್ಸ್ ಮೊದಲಿನಿಂದ ಕೇಳುವ ಅಗತ್ಯ ಇರುವುದಿಲ್ಲ. ಇದೇ ರೀತಿ ಈ ಮನೆಗೂ ಒಂದು ಪುಸ್ತಕ ಇರಲಿ, ಅದು ಮನೆಯಲ್ಲೇ ಇರಲಿ. ಯಾರು ಬಂದರೂ ದಿನಾಂಕ ಹಾಕಿ, ಏನು ಮಾಡುತ್ತೇನೆಂದು ಒಪ್ಪಿಕೊಂಡರು, ಯಾವ ದಿನದೊಳಗೆ, ಯಾವ ಕಾಗದ ತೆಗೆದುಕೊಂಡು ಹೋದರು ಎಂದು ಬರೆದು ಸಹಿ ಮಾಡಬೇಕು. ಸಹಿ ಮಾಡಲು ಹಿಂಜರಿಯುವವರು ಮತ್ತೆ ಬರುವುದಿಲ್ಲ. ಅದೂ ಒಂದು ಲಾಭವೇ. ಮೂಲ ದಾಖಲೆಗಳನ್ನು ಯಾರ ಕೈಗೂ ಬಿಟ್ಟುಕೊಡಬೇಡಿ.

ಎರಡನೆಯದು, ಕೆಲಸಗಳ ಸರದಿ. ಒಂದು ಕಚೇರಿ ಇನ್ನೊಂದು ಕಚೇರಿಯ ಕಾಗದ ಕೇಳುವುದರಿಂದ ಎಲ್ಲವನ್ನೂ ಒಟ್ಟಿಗೆ ಆರಂಭಿಸಿದರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ. ಇವರ ವಿಷಯದಲ್ಲಿ ತಾಯಿಯ ಆಧಾರ್‌ಗೆ ಆಕೆಯದೇ ಮೊಬೈಲ್ ಸಂಖ್ಯೆ ಜೋಡಿಸುವುದು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯೇ ಎಂದು ನೋಡುವುದು, ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸುವುದು, ಈ ಮೂರು ಆಗುವವರೆಗೆ ಬೇರೆ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ಆ ಸ್ವಯಂಸೇವಕನ ಸಂಖ್ಯೆಯನ್ನು ಬದಲಾಯಿಸದೆ ಮೂರನೇ ಅರ್ಜಿ ಹಾಕಬೇಡಿ. ಆನಂತರ ತಂದೆಯ ಗುರುತಿನ ಚೀಟಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೌಲಭ್ಯಗಳಿಗೆ ಕನಿಷ್ಠ 40 ಶೇಕಡ ಅಂಗವೈಕಲ್ಯ ಎಂದು ವೈದ್ಯರು ಬರೆಯಬೇಕು. ಮಾಸಾಶನ, ಸಾಧನ ಸಲಕರಣೆ ಎಲ್ಲವೂ ಆ ಒಂದು ಚೀಟಿಯ ಹಿಂದೆ ಬರುತ್ತವೆ. ಮಗನನ್ನು ಪ್ರತ್ಯೇಕವಾಗಿ ಕರೆದೊಯ್ಯುವ ಮೊದಲು ಶಾಲೆಗೆ ಬರುವ ಮಕ್ಕಳ ಆರೋಗ್ಯ ತಪಾಸಣಾ ತಂಡಕ್ಕೆ ತೋರಿಸಿ ರೆಫರ್ ಚೀಟಿ ಬರೆಸಿಕೊಳ್ಳಿ. ಅಪ್ಪ ಮಗ ಇಬ್ಬರ ತಪಾಸಣೆಯನ್ನೂ ಒಂದೇ ದಿನಕ್ಕೆ ಕೇಳಿ ನೋಡಿ. ಮಲಗಿದ ಮನುಷ್ಯನನ್ನು ಜೀಪಿನಲ್ಲಿ ಮಡಿಕೇರಿಗೆ ಎರಡು ಸಲ ಒಯ್ಯುವುದು ಎಂದರೆ ಬೆನ್ನಿನ ಹುಣ್ಣಿಗೆ ಎರಡು ಸಲ ಪೆಟ್ಟು.

ತಾಯಿಯ ಬಗ್ಗೆ ಯಾರೂ ಒಂದು ಮಾತೂ ಕೇಳಿಲ್ಲ ಎಂದು ನಿಮ್ಮ ಬರಹದಿಂದ ತೋರುತ್ತದೆ. ಆಕೆ ರಾತ್ರಿ ನಿದ್ದೆ ಮಾಡುತ್ತಾರೆಯೇ? ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ; ಹೋಗಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇಡೀ ಮನೆ ನಿಂತಿರುವುದು ಆಕೆಯೊಬ್ಬಳ ಬೆನ್ನಿನ ಮೇಲೆ.

ಅಧಿಕಾರದ ಪ್ರಶ್ನೆಗೆ ಬಂದರೆ, ನಿಮಗೆ ಆಜ್ಞೆ ಮಾಡುವ ಅಧಿಕಾರ ಇಲ್ಲ, ಕರೆಯುವ ಅಧಿಕಾರ ಇದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಮುಖ್ಯೋಪಾಧ್ಯಾಯರ ಸಹಿಯಿರುವ ಒಂದು ಪತ್ರ ಕೊಟ್ಟು, ಮಗು ಶಾಲೆ ಬಿಟ್ಟಿರುವ ಕಾರಣಕ್ಕೆ ಸಂಬಂಧಪಟ್ಟವರನ್ನು ಒಂದು ದಿನ ಕೂಡಿಸಬೇಕೆಂದು ಕೇಳಿ. ಶಾಲೆ ಬಿಟ್ಟ ಮಗುವಿನ ಹೆಸರಿನಲ್ಲಿ ಕರೆದರೆ ಬಾರದೆ ಇರುವುದು ಕಷ್ಟ. ಆದರೆ ಮುಂದೆ ಎಲ್ಲವನ್ನೂ ಹಿಡಿದು ನಡೆಸುವ ಒಬ್ಬರು ಬೇಕು, ಮತ್ತು ಅವರು ಒಬ್ಬರೇ ಇರಬೇಕು. ಇಬ್ಬರಾದರೆ "ಅವರು ಮಾಡುತ್ತಾರೆ" ಎಂದು ಇಬ್ಬರೂ ಸುಮ್ಮನಾಗುತ್ತಾರೆ.

ಉತ್ತರ: ಕಾನೂನು ಸ್ವಯಂಸೇವಕ, ವಿರಾಜಪೇಟೆ

ಮೇಲಿನವರು ಹೇಳಿದ ಸರದಿಯನ್ನು ಒಪ್ಪುತ್ತೇನೆ, ಆದರೆ ಒಂದು ಕೆಲಸ ಆ ಸರದಿಯಲ್ಲಿ ನಿಲ್ಲುವಂತಿಲ್ಲ. ತಂದೆ ಬಿದ್ದದ್ದು ಕೆಲಸ ಮಾಡುತ್ತಿರುವಾಗ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದಂತೆ, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇಂಥ ಅಪಘಾತಕ್ಕೆ ಮಾಲೀಕರಿಂದ ಪರಿಹಾರ ಕೇಳುವ ಹಕ್ಕಿದೆ, ಮತ್ತು ಅಪಘಾತವಾದ 2 ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ತಡವಾದರೆ ಸಕಾರಣ ತೋರಿಸಿ ಮನ್ನಿಸಿ ಎಂದು ಬೇಡಬಹುದು, ಆದರೆ ಬೇಡುವ ಸ್ಥಿತಿಗೆ ಹೋಗುವುದೇಕೆ? ಕಳೆದ ಮೇ ಎಂದರೆ ಈಗ ಹದಿನೈದು ತಿಂಗಳು ಕಳೆದಿವೆ. ಒಂಬತ್ತು ಕಡೆಯವರು ಬಂದು ಹೋದರೂ ಈ ಗಡುವು ಯಾರ ಕಣ್ಣಿಗೂ ಬೀಳದಿರುವುದಕ್ಕೆ ಕಾರಣ ಸರಳವಾಗಿದೆ: ಆಸ್ಪತ್ರೆಯವರಿಗೆ ಅದು ಬೆನ್ನುಮೂಳೆ, ಶಾಲೆಯವರಿಗೆ ಅದು ಗೈರುಹಾಜರಿ, ಟ್ರಸ್ಟಿನವರಿಗೆ ಅದು ಅಕ್ಕಿಯ ಕಿಟ್. ಕುಟುಂಬಕ್ಕೆ ಸಿಗಬಹುದಾದ ಅತಿ ದೊಡ್ಡ ಮೊತ್ತ ಯಾರ ನಮೂನೆಯಲ್ಲೂ ಒಂದು ಕಾಲಂ ಆಗಿಲ್ಲ.

ಕೂಡಲೇ ಆಸ್ಪತ್ರೆಯಿಂದ ಬಿಡುಗಡೆ ಸಾರಾಂಶದ ದೃಢೀಕೃತ ಪ್ರತಿ ಪಡೆಯಿರಿ. ಅದರಲ್ಲಿ "ಮರದಿಂದ ಬಿದ್ದು" ಎಂದು ಇದೆಯೇ, ಬರಿದೇ "ಜಾರಿ ಬಿದ್ದು" ಎಂದು ಇದೆಯೇ ನೋಡಿ. ಅಂದು ಜೊತೆಗಿದ್ದ ಇಬ್ಬರು ಕೆಲಸಗಾರರ ಹೆಸರನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ತೋಟದ ಕೆಲಸಗಾರರು ಮುಂದಿನ ಕುಯ್ಲಿಗೆ ಎಲ್ಲಿರುತ್ತಾರೋ ಹೇಳಲಾಗದು. ಬಟವಾಡೆ (ಕೂಲಿ ಪಾವತಿಯ) ಚೀಟಿ ಒಂದಾದರೂ ಮನೆಯಲ್ಲಿ ಉಳಿದಿದ್ದರೆ ಅದು ಚಿನ್ನ. ವಕೀಲರಿಗೆ ಹಣ ಬೇಕಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಉಚಿತ ನೆರವು ಇದೆ, ಅವರ ಆದಾಯ ಎಷ್ಟೆಂದು ಲೆಕ್ಕಿಸುವುದಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಬಿಳಿ ಹಾಳೆಯ ಅರ್ಜಿ ಸಾಕು, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.

ಹಾಸ್ಟೆಲ್ ವಿಷಯ. ಮಕ್ಕಳ ಕಲ್ಯಾಣ ಸಮಿತಿ ಎಂದರೆ ಮಕ್ಕಳನ್ನು ಕಿತ್ತುಕೊಂಡು ಹೋಗುವವರು ಎಂಬ ಭಯ ಲೈನ್ ಮನೆಗಳಲ್ಲಿ ಇದೆ. 2015ರ ಬಾಲನ್ಯಾಯ ಕಾಯ್ದೆ ಹೇಳುವುದು ಅದಕ್ಕೆ ತದ್ವಿರುದ್ಧ: ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ, ಮೊದಲ ಹೊಣೆ ಕುಟುಂಬದ್ದು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವವೂ ಇದೇ ಉದ್ದೇಶಕ್ಕೆ ಇದೆ. ಅದರಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಗ್ರಾಮೀಣ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 72,000 ರೂಪಾಯಿ. ಇಲ್ಲಿ ಒಂದು ಸೂಕ್ಷ್ಮವಿದೆ: ಆದಾಯ ಪ್ರಮಾಣಪತ್ರದಲ್ಲಿ ತಂದೆ ದುಡಿಯುತ್ತಿದ್ದ ಕಾಲದ ಅಂಕಿಯೇ ಉಳಿದಿದ್ದರೆ ಅರ್ಜಿ ಅಲ್ಲಿಗೇ ಬೀಳುತ್ತದೆ. ಹೊಸದಾಗಿ ಮಾಡಿಸಿ. ಹುಡುಗಿ ಶಾಲೆಗೆ ಮರಳುವುದೂ ಈ ಹಣದ ಷರತ್ತಿಗೆ ಸೇರಿದ್ದು.

ಇನ್ನೊಂದು ಎಚ್ಚರಿಕೆ. ಒಂಬತ್ತು ಕಡೆಯವರನ್ನು ಕೂಡಿಸಿ ವಾಟ್ಸ್‌ಆ್ಯಪ್ ಗುಂಪು ಮಾಡುವ ಆಸೆ ಬರುತ್ತದೆ. ಆ ಗುಂಪಿನಲ್ಲಿ ಮಕ್ಕಳ ಫೋಟೊ, ವೈದ್ಯಕೀಯ ಚೀಟಿ, ತಾಯಿಯ ನಿದ್ದೆ ಮಾತ್ರೆಯ ಹೆಸರು ಹಾಕಬೇಡಿ. ಮಾನಸಿಕ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಆಕೆಯ ಹಕ್ಕು. ಯಾರಿಗೆ ಯಾವ ಮಾಹಿತಿ ಬೇಕೋ ಅಷ್ಟನ್ನೇ ಕೊಡಿ. ಅಕ್ಕಿ ಕೊಡುವವರಿಗೆ ಕ್ಯಾಥೆಟರಿನ ಸಂಗತಿ ಬೇಕಿಲ್ಲ.

ಉತ್ತರ: ಬೆಳೆಗಾರ, ಅಮ್ಮತ್ತಿ

ಮಾಲೀಕರನ್ನು ಆರಂಭದಲ್ಲೇ ಎದುರಾಳಿ ಮಾಡಿಕೊಳ್ಳಬೇಡಿ ಎಂದಷ್ಟೇ ಹೇಳುತ್ತೇನೆ. ಮರಗಸಿ ಕೆಲಸದ ಅಪಾಯ ಗೊತ್ತಿರುವುದರಿಂದ ನಮ್ಮಲ್ಲಿ ಅನೇಕರು ಕೆಲಸಗಾರರ ಹೆಸರಿನಲ್ಲಿ ವಿಮೆ ಮಾಡಿಸುತ್ತೇವೆ. ವಿಮೆ ಇದ್ದರೆ ಪರಿಹಾರದ ಭಾರ ಹೊರುವುದು ವಿಮಾ ಕಂಪನಿ, ಆಗ ಮಾಲೀಕರಿಗೂ ಪತ್ರಕ್ಕೆ ಸಹಿ ಹಾಕಲು ಅಂಜಿಕೆ ಇರುವುದಿಲ್ಲ. ಮೊದಲು ಮರ್ಯಾದೆಯಿಂದ ಆ ಪಾಲಿಸಿಯ ವಿವರ ಕೇಳಿ. ಇಲ್ಲದಿದ್ದರೆ ಸರ್ ಹೇಳಿದ ದಾರಿ ಇದ್ದೇ ಇದೆ. ಲೈನ್ ಮನೆಯ ವಿಷಯದಲ್ಲಿ ಮಾತ್ರ ರೈಟರ್ ಜೊತೆ ಚರ್ಚೆಗೆ ಹೋಗಬೇಡಿ, ನೇರವಾಗಿ ಮಾಲೀಕರ ಬಾಯಿಂದಲೇ ಮಾತು ತೆಗೆದುಕೊಳ್ಳಿ. ರೈಟರ್ ಹೇಳುವುದೆಲ್ಲ ಮಾಲೀಕರಿಗೆ ಗೊತ್ತಿರುತ್ತದೆ ಎಂದು ತಿಳಿಯಬೇಡಿ. ಆಸ್ಪತ್ರೆಗೆ ಹೋಗುವ ದಿನ ತೋಟದ ಜೀಪು ಕೇಳಿದರೆ ಇಲ್ಲ ಎನ್ನುವವರು ಕಡಿಮೆ.

ಉತ್ತರ: ಲೈನ್ ಮನೆಯಲ್ಲಿ ಬೆಳೆದವನು, ಈಗ ಮೈಸೂರು

ನಾನು ಸಿದ್ದಾಪುರದ ಹತ್ತಿರದ ತೋಟವೊಂದರ ಲೈನಿನಲ್ಲಿ ಬೆಳೆದವನು. ಅಪ್ಪ ತೀರಿಕೊಂಡ ವರ್ಷ ನಮ್ಮ ಮನೆಗೂ ಇಂಥ ಒಂದು ಸಭೆ ಬಂದಿತ್ತು. ಸಭೆ ಬಂದಿತ್ತು ಎಂದೇ ಹೇಳಬೇಕು, ಏಕೆಂದರೆ ಅಮ್ಮ ಯಾರನ್ನೂ ಕರೆದಿರಲಿಲ್ಲ. ಪಕ್ಕದ ಮೂರು ಮನೆಗಳಿಂದ ನಾನೇ ಕುರ್ಚಿ ತಂದು ಹಾಕಿದೆ. ಅಮ್ಮ ಕೂರಲಿಲ್ಲ. ಕುಳಿತವರು ಅವಳ ಮುಂದೆಯೇ ಅವಳ ಬಗ್ಗೆ, ಅವಳು ಅಲ್ಲಿ ಇಲ್ಲವೇನೋ ಎಂಬಂತೆ ಮಾತನಾಡಿದರು. ಒಬ್ಬರು ನನ್ನ ತಂಗಿಯನ್ನು ಎಲ್ಲಿಗೆ ಸೇರಿಸಬೇಕೆಂದು ಹೇಳಿದರು, ಇನ್ನೊಬ್ಬರು ಅಮ್ಮನಿಗೆ ಹೊಲಿಗೆ ಯಂತ್ರ ಕೊಡಬೇಕೆಂದರು. ಅಮ್ಮ ಚಹಾ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಬೇಕಾಗಿದ್ದದ್ದು ಗುಂಪಿನ ಸಾಲದ ಕಂತನ್ನು ಎರಡು ತಿಂಗಳು ಮುಂದೂಡುವುದು. ಅದನ್ನು ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ. ಹೊಲಿಗೆ ಯಂತ್ರ ಬಂತು. ಅದನ್ನು ಮಾರಿ ಕಂತು ಕಟ್ಟಿದೆವು.

ಆದ್ದರಿಂದ ಟೀಚರ್, ಪುಸ್ತಕ, ಸರದಿ, ಗಡುವು ಎಲ್ಲವೂ ಸರಿ, ಆದರೆ ಅದಕ್ಕೂ ಮೊದಲು ನೀವೊಬ್ಬರೇ ಹೋಗಿ, ಕಾಗದ ಮುಟ್ಟದೆ, ಆ ಅಕ್ಕನಿಗೆ ಈ ತಿಂಗಳು ಯಾವುದು ತೀರಾ ಕಷ್ಟವಾಗಿದೆ ಎಂದು ಕೇಳಿ. ಕೂಡುವ ಜಾಗ ಮನೆಯಾಗಬಾರದು, ತೋಟದ ಬಂಗಲೆಯ ಜಗುಲಿಯಂತೂ ಖಂಡಿತ ಆಗಬಾರದು, ಅಂಗನವಾಡಿ ಆಗಬಹುದು. ಕೂಲಿ ತಪ್ಪದಂತೆ ಭಾನುವಾರ ಇಡಿ, ಆದರೆ ಗೋಣಿಕೊಪ್ಪದ ಸಂತೆಯಿಂದ ಅವರು ಮರಳುವ ಹೊತ್ತು ನೋಡಿಕೊಂಡು ಇಡಿ. ಯಾರು ಬರಬೇಕು, ಯಾರು ಬೇಡ ಎನ್ನುವುದನ್ನು ಅವರೇ ಹೇಳಲಿ. ಅವರಿಗೊಂದು ಕುರ್ಚಿ ಮೊದಲು ಹಾಕಿ. ಎಲ್ಲರನ್ನೂ ಹಿಡಿದು ನಡೆಸುವ ಆ ಒಬ್ಬರು ಯಾರೆಂಬುದನ್ನೂ ಅವರೇ ಆರಿಸಲಿ, ನೀವೇ ಆಗಬೇಕೆಂದು ಬಯಸಬೇಡಿ.

ಉತ್ತರ: ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯ, ಕುಟ್ಟ

ನಮ್ಮ ಊರಿನಿಂದ ಗಡಿ ದಾಟಿದರೆ ವಯನಾಡು. ಕೇರಳದವರು ಕಡುಬಡತನದ 64,006 ಕುಟುಂಬಗಳನ್ನು ಗುರುತಿಸಿ, ಒಂದೊಂದು ಕುಟುಂಬಕ್ಕೂ ಪ್ರತ್ಯೇಕ ಯೋಜನೆಯನ್ನು ಸ್ಥಳೀಯ ಸಂಸ್ಥೆಯ ಮೂಲಕವೇ ಬರೆಸಿದರು. ಈ ಮನೆಗೆ ಔಷಧಿ, ಆ ಮನೆಗೆ ಗುರುತಿನ ಚೀಟಿ, ಇನ್ನೊಂದಕ್ಕೆ ಸೂರು ಎಂದು. ಕೇರಳ ಕಡುಬಡತನದಿಂದ ಮುಕ್ತ ಎಂದು 2025ರ ನವೆಂಬರ್ 1ರಂದು ಮಾಡಿದ ಘೋಷಣೆಯ ಬಗ್ಗೆ ಅಲ್ಲಿಯೇ ವಾದವಿವಾದ ನಡೆದಿದೆ, ಅದು ಬೇರೆ ಮಾತು. ನನಗೆ ಮೆಚ್ಚಿಗೆಯಾದದ್ದು ಯೋಜನೆಯ ತಲೆಬರಹದಲ್ಲಿ ಇಲಾಖೆಯ ಹೆಸರಿನ ಬದಲು ಮನೆಯ ಹೆಸರು ಇರುವುದು. ನಮ್ಮಲ್ಲಿ ಅಂಥ ಆದೇಶಕ್ಕೆ ಕಾಯಬೇಕಿಲ್ಲ. ಪಂಚಾಯಿತಿಯಲ್ಲಿ ಮನಸ್ಸು ಮಾಡಿದರೆ ಒಂದು ಮನೆಗೆ ಒಂದು ಹಾಳೆ ಬರೆಯುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಒಂದು ಸೂಚನೆ: ಬೇರೆ ಬೇರೆ ಇಲಾಖೆಯವರನ್ನು ಕರೆಯುವ ಪತ್ರದಲ್ಲಿ "ಚರ್ಚಿಸಲು" ಎಂದು ಬರೆಯಬೇಡಿ, ಆಯಾ ಇಲಾಖೆಯಿಂದ ಆಗಬೇಕಾದ ಒಂದೇ ಒಂದು ಕೆಲಸವನ್ನು ಹೆಸರಿಸಿ. ಚರ್ಚೆಗೆ ಕರೆದರೆ ಪ್ರತಿನಿಧಿಯನ್ನು ಕಳಿಸುತ್ತಾರೆ, ಕೆಲಸಕ್ಕೆ ಕರೆದರೆ ಕಡತದೊಂದಿಗೆ ಬರುತ್ತಾರೆ.

ಮರು ಬರಹ: ಪ್ರಶ್ನೆ ಕೇಳಿದ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ದಸರಾ ರಜೆ ಮುಗಿದ ಮೇಲೆ ಬರೆಯುತ್ತಿದ್ದೇನೆ.

ಮೈಸೂರಿನ ಸಹೋದರರು ಹೇಳಿದಂತೆ ಮೊದಲು ಬರಿಗೈಯಲ್ಲಿ ಹೋದೆ. ತೀರಾ ಕಷ್ಟ ಯಾವುದೆಂದು ಕೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕೂವರೆಯವರೆಗೆ ಗಂಡನ ಬಳಿ ಕೂರುವ ಒಬ್ಬರು ಸಿಕ್ಕರೆ ಮಗಳನ್ನು ನಾಳೆಯೇ ಕಳಿಸುತ್ತೇನೆ ಎಂದರು. ಒಂಬತ್ತು ಕಡೆಯವರ ಯಾವ ಪಟ್ಟಿಯಲ್ಲೂ ಇದು ಇರಲಿಲ್ಲ. ಪಕ್ಕದ ಲೈನಿನಲ್ಲಿ ಕೆಲಸದಿಂದ ನಿವೃತ್ತರಾದ ಒಬ್ಬ ಅಜ್ಜಿ ಇದ್ದಾರೆ. ಟ್ರಸ್ಟಿನವರೊಂದಿಗೆ ಮಾತನಾಡಿ, ತಿಂಗಳ ಆಹಾರ ಕಿಟ್ಟಿನ ಬದಲು ಆ ಹಣವನ್ನು ಅಜ್ಜಿಗೆ ಕೊಡುವುದೆಂದು ಒಪ್ಪಿಸಿದೆವು. ಕಿಟ್ ಕೊಟ್ಟರೆ ಫೋಟೊ ಇರುತ್ತದೆ, ಇದಕ್ಕೇನು ತೋರಿಸುವುದು ಎಂದು ಅವರು ಮೊದಲು ಅನುಮಾನಿಸಿದರು. ನೋಟ್‌ಬುಕ್ಕಿನಲ್ಲಿ ಪ್ರತಿ ಶನಿವಾರ ಅಜ್ಜಿಯ ಹೆಬ್ಬೆಟ್ಟು ಇರುತ್ತದೆ ಎಂದಾಗ ಒಪ್ಪಿದರು. ಹುಡುಗಿ ಈಗ ವಾರದಲ್ಲಿ ನಾಲ್ಕು, ಕೆಲವೊಮ್ಮೆ ಐದು ದಿನ ಬರುತ್ತಿದ್ದಾಳೆ.

ಅಂಗನವಾಡಿಯಲ್ಲಿ ಒಂದು ಭಾನುವಾರ ಸಂಜೆ ಕೂಡಿದೆವು. ಒಂಬತ್ತರಲ್ಲಿ ಐದು ಕಡೆಯವರು ಬಂದರು. ತಾಯಿ ಒಬ್ಬರನ್ನು ಬೇಡವೆಂದಿದ್ದರು, ಕಾರಣವನ್ನು ನಾನು ಕೇಳಲಿಲ್ಲ. ಮುಂದೆ ಹಿಡಿದು ನಡೆಸುವವರಾಗಿ ಆಕೆ ಆಶಾ ಕಾರ್ಯಕರ್ತೆಯನ್ನು ಆರಿಸಿದರು. ನನ್ನನ್ನೇ ಹೇಳಬಹುದೆಂದು ಮನಸ್ಸಿನ ಮೂಲೆಯಲ್ಲಿ ಎಣಿಸಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಕ್ಯಾಥೆಟರ್ ಕಟ್ಟಿಕೊಂಡಾಗ ಕರೆದರೆ ಬರುವವರು ಅವರೇ. ಅವರ ಸಂಭಾವನೆಗೆ ಇದು ಸೇರುವುದಿಲ್ಲ; ಫೋನ್ ರೀಚಾರ್ಜ್ ಮತ್ತು ಬಸ್ ಖರ್ಚನ್ನು ಒಂದು ಸಂಸ್ಥೆ ವಹಿಸಿಕೊಂಡಿದೆ. ಅದಕ್ಕಿಂತ ಹೆಚ್ಚಿನದನ್ನು ಕೇಳಬೇಕಿತ್ತು ಎಂದು ಈಗ ಅನಿಸುತ್ತಿದೆ.

ಮೊಬೈಲ್ ಸಂಖ್ಯೆ ಬದಲಾಯಿತು, ಹೆಚ್ಚುವರಿ ಅರ್ಜಿಯನ್ನು ಹಿಂದಕ್ಕೆ ಪಡೆದೆವು. ನೀರಿನ ಹಾಸಿಗೆ ಬಂದಿದೆ. ಒಂದು ಗಾಲಿಕುರ್ಚಿಯನ್ನು ಅಗತ್ಯವಿದ್ದ ಬೇರೆ ಮನೆಗೆ ಕೊಟ್ಟು, ಮೂರು ಮೆಟ್ಟಿಲುಗಳ ಮೇಲೆ ಇಡಲು ತೋಟದ ಬಡಗಿಯಿಂದ ಹಲಗೆಯ ಇಳಿಜಾರು ಮಾಡಿಸಿದೆವು. ಹದಿನಾರು ತಿಂಗಳ ನಂತರ ತಂದೆ ಅಂಗಳಕ್ಕೆ ಇಳಿದು ಕಾಫಿ ಗಿಡಗಳನ್ನು ನೋಡಿ, ಈ ಸಲ ಕಸಿ ಮಾಡಿ ರೆಂಬೆ ಸವರಿದವನಿಗೆ ಕೈ ಪಳಗಿಲ್ಲ ಎಂದರಂತೆ. ಮಾಲೀಕರು ಎರಡನೇ ಭೇಟಿಯಲ್ಲಿ ವಿಮೆಯ ಪಾಲಿಸಿ ಸಂಖ್ಯೆ ಕೊಟ್ಟರು, ಲೈನ್ ಮನೆ ಬಿಡಿಸುವ ಮಾತನ್ನು ತಾವು ಆಡಿಯೇ ಇಲ್ಲ ಎಂದರು. ಕಾನೂನು ಸೇವಾ ಸಮಿತಿಯಿಂದ ವಕೀಲರ ನೇಮಕವಾಗಿದೆ, ಅರ್ಜಿಯನ್ನು ಕುಯ್ಲು ಆರಂಭವಾಗುವ ಮೊದಲೇ ಸಲ್ಲಿಸುವುದಾಗಿ ಹೇಳಿದ್ದಾರೆ. ನೋಟ್‌ಬುಕ್ ಬರೆಯುವವಳು ಹುಡುಗಿಯೇ. ಸಹಿ ಮಾಡದೆ ಹೊರಟ ಒಬ್ಬ ಅಧಿಕಾರಿಯನ್ನು ಅಂಗಳದವರೆಗೆ ಹಿಂಬಾಲಿಸಿ ಸಹಿ ಹಾಕಿಸಿಕೊಂಡಳೆಂದು ಅವಳ ತಾಯಿ ನಗುತ್ತ ಹೇಳಿದರು.

ಬಗೆಹರಿಯದೆ ಉಳಿದಿರುವುದು ಪಡಿತರ ಚೀಟಿ. ಇವರ ಹೆಸರುಗಳೆಲ್ಲ ಹುಣಸೂರಿನಲ್ಲಿರುವ ಅತ್ತೆಯ ಕಾರ್ಡಿನಲ್ಲಿವೆ, ಮನೆಯ ಯಜಮಾನಿ ಅತ್ತೆಯೇ ಆದ್ದರಿಂದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವರ ಖಾತೆಗೆ ಹೋಗುತ್ತದೆ. ಅಕ್ಕಿಯನ್ನು ಇಲ್ಲಿನ ಅಂಗಡಿಯಲ್ಲೇ ಪಡೆಯಲು ಅವಕಾಶವಿದ್ದರೂ ಅತ್ತೆ ಅಲ್ಲಿಯೇ ತೆಗೆದುಕೊಳ್ಳುತ್ತಿದ್ದಾರೆ, ಅವರಿಗೂ ಬೇರೆ ಆಸರೆ ಇಲ್ಲ. ಪ್ರತ್ಯೇಕ ಕಾರ್ಡ್ ಮಾಡಿಸಬೇಕಾದರೆ ಮೊದಲು ಅಲ್ಲಿಂದ ಹೆಸರು ತೆಗೆಸಬೇಕು, ಹೊಸ ಕಾರ್ಡಿನ ಅರ್ಜಿಯನ್ನು ಎಲ್ಲ ಕಾಲದಲ್ಲೂ ಸ್ವೀಕರಿಸುವುದಿಲ್ಲ. ಹೆಸರು ತೆಗೆಸಿದ ದಿನದಿಂದ ಹೊಸ ಕಾರ್ಡ್ ಕೈಗೆ ಬರುವ ದಿನದವರೆಗೆ ಆಸ್ಪತ್ರೆಯ ಉಚಿತ ಚಿಕಿತ್ಸೆಗೆ ಯಾವ ಕಾರ್ಡ್ ತೋರಿಸುವುದು? ಈ ದಾರಿಯಲ್ಲಿ ಹೋಗಿ ಬಂದವರು ಇದ್ದರೆ ಬರೆಯಿರಿ. ಅದು ತಿಳಿಯುವವರೆಗೆ ಹೆಸರು ತೆಗೆಸಲು ಹೋಗಬಾರದೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ.